ಏರಿನಲ್ಲಿ ಕೆಮ್ಮುವ ಕಾರು

ಆಗಸ್ಟ್ 1, 2011, ಸೋಮವಾರ

ಮಗನನ್ನು ಮನೆಗೆ ತರುವುದಕ್ಕೆ ಇಲ್ಲಿಯವರೆಗೆ ಆದ ಖರ್ಚು ಬರೆದಿಡುತ್ತೇನೆ. ಹೊದಿಸುವ ರೇಷ್ಮೆಗೆ ಎರಡು ಲಕ್ಷ ನಲವತ್ತು ಸಾವಿರ ಆರಿಯಾರಿ. ನೇಯ್ದವಳು ಮೂರು ಲಕ್ಷ ಹೇಳಿದ್ದಳು, ನಾನು ಎರಡು ಸಲ ಬಾಗಿಲ ತನಕ ಹೋಗಿ ವಾಪಸು ಬಂದೆ. ದಿನ ನೋಡಿದ ಜೋಯಿಸನಿಗೆ ಒಂದು ಬಾಟಲಿ ರಮ್ಮು, ಜೊತೆಗೆ ಅವನ ಮಂಡಿನೋವಿನ ಪೂರ್ತಿ ಚರಿತ್ರೆ ಕೇಳಿದ ಕಷ್ಟ. ಊಟಕ್ಕೆ ನನ್ನ ಪಾಲಿನ ಅರ್ಧ ಹಂದಿ, ಎರಡು ಮೂಟೆ ಅಕ್ಕಿ. ವಾದ್ಯದವರಿಗೆ ಮುಂಗಡ. ಮೂಳೆ ಸಾಗಿಸುವ ಪರವಾನಗಿಗೆ ಮೂರು ಮೊಹರು. ಕಾರಿಗೆ ನಾಲ್ಕು ಟಯರು, ಹಳೆಯವೇ, ಆದರೆ ಇದ್ದವಕ್ಕಿಂತ ಚಿಕ್ಕ ವಯಸ್ಸಿನವು. ಅತ್ತದ್ದು ಏನೂ ಇಲ್ಲ. ಅದಕ್ಕೆ ಪುರುಸೊತ್ತು ಸಿಕ್ಕಿಲ್ಲ.

ಮಗ ತಹಿನ ತೀರಿಕೊಂಡು ನಾಲ್ಕು ವರ್ಷ. ಕರಾವಳಿಯ ಜ್ವರ. ಹೆಂಡತಿಯ ಊರಿನಲ್ಲೇ ಸತ್ತ, ಅಲ್ಲೇ ಮಣ್ಣು ಮಾಡಿದರು. ಆ ವಾರ ಚಂಡಮಾರುತಕ್ಕೆ ರಸ್ತೆ ಕೊಚ್ಚಿಹೋಗಿತ್ತು, ನಾನು ಇಲ್ಲಿ ರಾಜಧಾನಿ ತಾನಾದಲ್ಲಿ ಇದ್ದಿಲು ಅಳೆಯುತ್ತಾ ಕೂತಿದ್ದೆ. ಈ ತಿಂಗಳ ಹದಿಮೂರು, ಶನಿವಾರ, ನನ್ನ ಗಂಡನ ಮನೆತನದ ಗೋರಿಮನೆ ತೆರೆಯುತ್ತಾರೆ. ಏಳು ವರ್ಷಕ್ಕೊಮ್ಮೆ ತೆರೆಯುವುದು. ಹಿರಿಯರನ್ನೆಲ್ಲ ಹೊರಗೆ ತಂದು, ಹೊಸ ಬಟ್ಟೆ ಸುತ್ತಿ, ಮಡಿಲಲ್ಲಿಟ್ಟುಕೊಂಡು ಮಾತಾಡಿಸಿ, ಕುಣಿಸಿ ಮತ್ತೆ ಮಲಗಿಸುವುದು. ನನ್ನ ಗಂಡನ ಪಕ್ಕದ ಕಲ್ಲುಮಂಚ ಖಾಲಿ ಇದೆ. ಸೂರ್ಯ ಮುಳುಗುವ ಮೊದಲು ತಹಿನನನ್ನು ಅದರ ಮೇಲೆ ಮಲಗಿಸಿದರೆ ಅವನು ಮನೆ ಸೇರಿದ ಹಾಗೆ. ನಾನು ಹೋದ ಮೇಲೆ ಮೂವರೂ ಒಂದೇ ಕೋಣೆ. ಮುಳುಗಿದರೆ ಬಾಗಿಲು ಮುಚ್ಚಿತು, ಇನ್ನೇಳು ವರ್ಷ. ನನಗೆ ಅರವತ್ತಾರು, ಈ ಟಯರಿಗೆ ಅಷ್ಟು ಗ್ಯಾರಂಟಿ ಇಲ್ಲ. ಮಡಗಾಸ್ಕರದಲ್ಲಿ ಬದುಕಿರುವವರಿಗೆ ಮನೆಯಿಲ್ಲದಿದ್ದರೂ ನಡೆಯುತ್ತದೆ, ಸತ್ತವರಿಗೆ ನಡೆಯುವುದಿಲ್ಲ.

ಸಂಜೆ ಗಂಡನ ಅಣ್ಣ ರಾತ್ಸಿಂಬ ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಬಕೂಲಿ, ಈ ಡಬ್ಬಾದಲ್ಲಿ ಅವನ್ನ ತರ್ತೀಯಾ? ದಾರೀಲಿ ಇನ್ನೊಂದು ಹೆಣ ಬೀಳುತ್ತೆ, ಕಾರಿಂದು."

"ಈ ಡಬ್ಬಾ ನಿಮ್ಮ ಮೂರು ಮಕ್ಕಳ ಮದುವೆಗೆ ಹೂ ಕಟ್ಕೊಂಡು ಓಡಿದೆ ಭಾವ. ಬಾಡಿಗೆ ಇನ್ನೂ ಬಂದಿಲ್ಲ."

"ಮನೆತನದ ನಿಷೇಧ ಗೊತ್ತಲ್ಲ? ಹೊರಟ ಗಾಡೀಲೇ ಮುಟ್ಬೇಕು. ನಡುವೆ ಗಾಡಿ ಬದಲಾಯಿಸೋ ಹಾಗಿಲ್ಲ."

ಗೊತ್ತು. ಅವರ ಅಜ್ಜನನ್ನು ಅರ್ಧ ದಾರಿಯಲ್ಲಿ ಎತ್ತಿನ ಗಾಡಿಯಿಂದ ಲಾರಿಗೆ ಹಾಕಿದ್ದರಂತೆ. ಆಮೇಲೆ ಹತ್ತು ವರ್ಷ ಆತ ಮನೆಮಂದಿಯ ಕನಸಿನಲ್ಲೆಲ್ಲ ರಸ್ತೆ ಬದಿ ನಿಂತು ದಾರಿ ಕೇಳುತ್ತಿದ್ದನಂತೆ. ತಹಿನನಿಗೆ ದಾರಿ ಕೇಳುವ ಗತಿ ಬರುವುದಿಲ್ಲ. ಈ ಕೆನೆಬಣ್ಣದ ಕತ್ರೆಲ್ ಕಾರು ಅರವತ್ತನಾಲ್ಕನೇ ಇಸವಿಯದು, ನನ್ನ ಗಂಡ ಓಡಿಸಿದ ಟ್ಯಾಕ್ಸಿ. ತಹಿನ ಆಸ್ಪತ್ರೆಯ ಏರು ಮುಗಿಯುವ ತನಕ ಕಾಯಲಾರದೆ ಹುಟ್ಟಿದ್ದು ಇದರ ಹಿಂದಿನ ಸೀಟಿನಲ್ಲಿ.

ಆಗಸ್ಟ್ 6, ಶನಿವಾರ

ಮೆಕ್ಯಾನಿಕ್ ರಾಲಂಬುವಿನ ಗ್ಯಾರೇಜು ಎಂದರೆ ಒಂದು ಮೆಟ್ಟಿಲಸಾಲಿನ ಬುಡ, ಒಂದು ತಗಡು, ಒಂದು ರೇಡಿಯೋ. ಪ್ಲಗ್ಗು ಬದಲಿಸಿದ, ಪಾಯಿಂಟು ಉಜ್ಜಿದ, ಫ್ಯಾನಿನ ಪಟ್ಟಿ ಬಿಗಿದ. ಅವನ ಬಾಯಿಗೆ ಮಾತ್ರ ಸೈಲೆನ್ಸರು ಹಾಕುವವರಿಲ್ಲ.

"ಅಕ್ಕ, ಈ ಇಂಜಿನ್ ನಿನ್ನನ್ನೂ ನನ್ನನ್ನೂ ಮಣ್ಣು ಮಾಡಿ ಬರುತ್ತೆ, ನೋಡ್ತಿರು."

"ಮೊದಲು ಕರಾವಳಿಗೆ ಹೋಗಿ ಬರಲಿ. ಆಮೇಲೆ ನಿನ್ನ ಸರದಿ."

ಕಾರಿನ ಟ್ಯಾಂಕು ತುಕ್ಕು ಹಿಡಿದು ಹೋಗಿ ಎಷ್ಟೋ ವರ್ಷ. ಊರಿನ ಎಲ್ಲ ಟ್ಯಾಕ್ಸಿಗಳ ಹಾಗೆ ನಮ್ಮದೂ ಬಾಟಲಿಯಿಂದಲೇ ಕುಡಿಯುತ್ತದೆ. ಗಿರಾಕಿ ಹತ್ತಿದ ಮೇಲೆ ಅವನ ದುಡ್ಡಿನಲ್ಲಿ ಒಂದು ಲೀಟರು ಹಾಕಿಸುವುದು, ಇಳಿಜಾರಿನಲ್ಲಿ ಇಂಜಿನು ಆರಿಸಿ ತೇಲಿಸುವುದು. ಆ ಬಾಟಲಿಗೆ ಮುಚ್ಚಳವೂ ಇರಲಿಲ್ಲ, ಕೊಳವೆಯ ಸುತ್ತ ಬಟ್ಟೆ ತುರುಕಿದ್ದೆವು. ದೂರದ ದಾರಿಗೆ ಅದು ಸಾಲದೆಂದು ರಾಲಂಬು ಈಗ ಇಪ್ಪತ್ತು ಲೀಟರಿನ ಹಳದಿ ಡಬ್ಬಿಯನ್ನು ಡ್ರೈವರ್ ಸೀಟಿನ ಹಿಂದೆ ಕಟ್ಟಿದ್ದಾನೆ. ಕಾದ ಮೊಳೆಯಿಂದ ಮುಚ್ಚಳಕ್ಕೆ ತೂತು ಹೊಡೆದು ಕೊಳವೆ ಇಳಿಸಿದ್ದಾನೆ. ಪಕ್ಕದಲ್ಲಿ ಇನ್ನೊಂದು ಸಣ್ಣ ತೂತು ಸುಮ್ಮನೆ ಇದೆ. ಕೈತಪ್ಪಿ ಆದದ್ದಿರಬೇಕು, ಬೆಳಗಿನ ರಮ್ಮಿಗೆ ಅವನ ಕೈ ನಡುಗುತ್ತದೆ.

ಡಬ್ಬಿ ತುಂಬಿಸಿದೆವು. ಇಷ್ಟು ಪೆಟ್ರೋಲನ್ನು ಒಟ್ಟಿಗೆ ನಾನು ಯಾವತ್ತೂ ಕೊಂಡಿರಲಿಲ್ಲ. ಆ ಸಣ್ಣ ತೂತಿನಿಂದ ವಾಸನೆ ಬರುತ್ತಿತ್ತು. ವಾಸನೆ ಎಂದರೆ ಹಾರಿಹೋಗುವ ದುಡ್ಡು. ಅದಲ್ಲದೆ ವಾಪಸು ಬರುವಾಗ ಮಗ ಆ ಡಬ್ಬಿಯ ಪಕ್ಕದಲ್ಲೇ ಇರುತ್ತಾನೆ; ಹೊಸ ರೇಷ್ಮೆಗೆ ಪೆಟ್ರೋಲು ನಾತ ಹತ್ತಬಾರದು. ಎಲ್ಲರೂ ಹೋದ ಮೇಲೆ ಮೇಣದಬತ್ತಿಯಿಂದ ನಾಲ್ಕು ಹನಿ ತೊಟ್ಟಿಕ್ಕಿಸಿ ತೂತು ಮುಚ್ಚಿದೆ. ಅಚ್ಚುಕಟ್ಟಾಗಿ ಕೂತಿತು. ಮೇಲೆ ಚಾಪೆ ಹೊದಿಸಿದೆ. ಇಂಥ ಸಣ್ಣ ಕೆಲಸವನ್ನು ಯಾರಿಗೂ ಹೇಳಬೇಕಾಗಿಲ್ಲ.

ಆಗಸ್ಟ್ 9, ಮಂಗಳವಾರ

ಕರಾವಳಿಗೆ ಬಂದು ಮುಟ್ಟಿದೆವು. ಕಾರು ಓಡಿಸಿದ್ದು ನನ್ನ ತಮ್ಮ ನೈವು. ದಾರಿಯೆಲ್ಲ ಇಳಿಜಾರು, ಅರ್ಧಕ್ಕಿಂತ ಹೆಚ್ಚು ದೂರ ಇಂಜಿನು ಆರಿಸಿಯೇ ಬಂದ. ಎರಡು ಕಡೆ ಸಣ್ಣ ಏರಿನಲ್ಲಿ ಕೆಮ್ಮಿ ನಿಂತಿತು. ನೈವು ಮುಚ್ಚಳ ತೆಗೆದು ಪೆಟ್ರೋಲು ಇದೆಯೇ ನೋಡಿ ಮುಚ್ಚಿದ, ಮತ್ತೆ ಓಡಿತು. "ಮುದುಕಿ ಅಕ್ಕ ಇದು. ಯಾರಾದ್ರೂ ವಿಚಾರಿಸ್ಕೊಂಡ್ರೆ ಸಾಕು, ಎದ್ದು ಕೂರುತ್ತೆ," ಎಂದ.

ಆ ಕರಾವಳಿಯವಳನ್ನು ಮೊದಲ ಸಲ ನೋಡಿದೆ. ಕಪ್ಪಗೆ, ಎತ್ತರಕ್ಕೆ ಇದ್ದಾಳೆ, ಬರಿಗಾಲು. ನನ್ನ ಮಗನನ್ನು ಇಲ್ಲಿ ಕಟ್ಟಿಹಾಕಿದ್ದು ಇವಳೇ. ಕಾಫಿ ಕೊಟ್ಟಳು, ಸಕ್ಕರೆ ಜಾಸ್ತಿ. ಐದು ವರ್ಷದ ಮಗಳು ಫಾಂಜಾ ಹೊಸಿಲಲ್ಲಿ ನಿಂತು ನನ್ನನ್ನೇ ನೋಡುತ್ತಿತ್ತು. ಕಿವಿಗಳು ತಹಿನನವು.

ಆಗಸ್ಟ್ 10, ಬುಧವಾರ

ಬೆಳಿಗ್ಗೆ ಅಗೆದರು. ಅವಳ ಅಜ್ಜ, ಊರಿನ ಹಿರಿಯ, ರಮ್ಮು ಸುರಿದು ತಹಿನನಿಗೆ ಹೇಳಿದ: "ಏಳಪ್ಪಾ, ನಿನ್ನ ತಾಯಿ ಬಂದಿದಾಳೆ." ಊರಿಗೆ ಊರೇ ಅತ್ತಿತು. ನಾಲ್ಕು ವರ್ಷ ಅವರ ಮಣ್ಣಿನಲ್ಲಿದ್ದವನಿಗೆ ಇಷ್ಟೊಂದು ಅಳು ಹೆಚ್ಚಾಯಿತು ಅನ್ನಿಸಿತು.

ಹಗುರವಾಗಿದ್ದಾನೆ. ರೇಷ್ಮೆ ನಾನೇ ಸುತ್ತಿದೆ.

ಅವಳೂ ಬರುತ್ತಾಳಂತೆ. ಮಗುವನ್ನು ಅಜ್ಜನ ಹತ್ತಿರ ಬಿಟ್ಟು. ಒಬ್ಬರ ಭಾರ ಹೆಚ್ಚು, ಪೆಟ್ರೋಲು ಹೆಚ್ಚು. ಬೇಡ ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಹತ್ತಿ ಕೂತಾಗಿತ್ತು.

ಆಗಸ್ಟ್ 11, ಗುರುವಾರ

ಒಂದು ದಿನ ಕೈಯಲ್ಲಿಟ್ಟುಕೊಂಡು ಹೊರಟದ್ದು ಒಳ್ಳೆಯದಾಯಿತು.

ಡಬ್ಬಿಯನ್ನು ಕಂಠಮಟ್ಟ ತುಂಬಿಸಿ ಬೆಳಕು ಹರಿಯುವಾಗ ಬಿಟ್ಟೆವು. ಹಿಂದಿನ ಸೀಟಿನಲ್ಲಿ ನಾನು ಮತ್ತು ಅವಳು, ಇಬ್ಬರ ಮಡಿಲ ಮೇಲೆ ಅಡ್ಡಲಾಗಿ ಅವನು. ತಲೆ ನನ್ನ ಕಡೆ. ಅದನ್ನು ಮಾತ್ರ ಚೌಕಾಸಿ ಮಾಡಲು ಬಿಡಲಿಲ್ಲ.

ಮೊದಲನೇ ದೊಡ್ಡ ಏರಿನಲ್ಲಿ ಕಾರು ಕೆಮ್ಮಿತು. ಎರಡನೆಯದರಲ್ಲಿ ಬಿಕ್ಕಿತು. ಮೂರನೆಯದರಲ್ಲಿ ನಿಂತಿತು. ನೈವು ಇಳಿದ, ಚಾಪೆ ಸರಿಸಿ ಕುರುಡುಗೈಯಲ್ಲೇ ಮುಚ್ಚಳ ತಿರುಗಿಸಿ ತೆಗೆದು "ಇದೆ" ಎಂದ, ಮುಚ್ಚಿದ. ಬಾನೆಟ್ಟು ತೆರೆದು ಕಾರ್ಬ್ಯುರೇಟರಿನ ಜೆಟ್ಟು ಬಿಚ್ಚಿ ಬಾಯಲ್ಲಿಟ್ಟು ಊದಿದ, ಪೆಟ್ರೋಲು ಉಗಿದ. ಶುರುವಾಯಿತು. "ಕಸ ಅಕ್ಕ. ಕರಾವಳಿ ಪೆಟ್ರೋಲು, ಕರಾವಳಿ ಕಸ." ನನ್ನ ಪಕ್ಕ ಕೂತವಳು ಕಿಟಕಿಯಾಚೆ ನೋಡಿದಳು.

ಮುಂದಿನ ಏರಿನಲ್ಲಿ ಮತ್ತೆ. ಆಗಲೂ ಮೊದಲು ಪೆಟ್ರೋಲು ನೋಡಿದ, ಆಮೇಲೆ ಪಾಯಿಂಟಿನ ಸಂದನ್ನು ಉಗುರಿನಲ್ಲಿ ಅಳೆದು ಬಿಗಿದ. ಓಡಿತು. ಮತ್ತೆ ನಿಂತಿತು. ಕಂಡೆನ್ಸರು ಬದಲಿಸಿದ. ಓಡಿತು. ನಿಂತಿತು. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿದ. ಓಡಿತು. ನಿಂತಿತು. ಪ್ರತಿ ಸಲವೂ ಒಂದು ಗಂಟೆ.

ಎಲ್ಲ ಔಷಧಿಯೂ ಹಿಡಿಯುವ ರೋಗವನ್ನು ನಾನು ನಂಬುವುದಿಲ್ಲ. ಸಂತೆಯಲ್ಲಿ ಹೇಳಿದ ಬೆಲೆಗೆಲ್ಲ ತಲೆಯಾಡಿಸುವ ಗಿರಾಕಿ ದುಡ್ಡು ತಂದಿರುವುದಿಲ್ಲ. ನೈವುಗೆ ಹಾಗೇ ಹೇಳಿದೆ.

"ಹಾಗಾದ್ರೆ ನೀನೇ ಬಾನೆಟ್ಟೊಳಗೆ ಇಳಿ. ಇದ್ದಿಲು ಮಾರಿದವಳು, ಬೆಂಕಿ ಎಲ್ಲಿದೆ ಅಂತ ಗೊತ್ತಿರಬೇಕಲ್ಲ!"

ಮುರಾಮಂಗ ಪೇಟೆಗೆ ಇನ್ನೂ ಬಹಳ ದೂರವಿರುವಾಗಲೇ ಕತ್ತಲಾಯಿತು. ಅವನನ್ನು ಯಾರ ಮನೆಯೊಳಗೂ ಒಯ್ಯುವಂತಿಲ್ಲ. ಕಾರಿನಲ್ಲೇ ಇದ್ದೇವೆ.

ಆಗಸ್ಟ್ 12, ಶುಕ್ರವಾರ

ಬೆಳಿಗ್ಗೆ ನೈವು ಗುಡ್ಡ ಹತ್ತಿ, ಸಿಗ್ನಲ್ಲು ಸಿಗುವ ಕಡೆ ನಿಂತು ರಾಲಂಬುಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟ.

"ಬಿಸಿಯಾದ್ರೆ ಸಾಯುತ್ತೆ, ತಣ್ಣಗಾದ್ರೆ ಏಳುತ್ತೆ, ಅಲ್ವಾ ಅಕ್ಕ? ಪ್ಲಗ್ಗಿಗೆ ಕಿಡಿ ಕೊಡೋ ಕಾಯಿಲ್ ಅದು. ಕಣ್ಣು ಮುಚ್ಕೊಂಡು ಹೇಳ್ತೀನಿ."

"ಕಣ್ಣು ತೆರ್ಕೊಂಡು ಹೇಳು."

"ತೆರೆದ್ರೂ ಕಾಯಿಲ್ಲೇ. ಏನೂ ಮುಟ್ಬೇಡಿ, ಮುಂದಕ್ಕೂ ಬರ್ಬೇಡಿ, ಪೂರ್ತಿ ಸುಟ್ಟುಹೋದ್ರೆ ಕಷ್ಟ. ಒಂದು ಒಳ್ಳೇ ಹಳೇದು ಹುಡುಕಿ ಮಧ್ಯಾಹ್ನದ ವ್ಯಾನಿಗೆ ಬರ್ತೀನಿ."

ಮಧ್ಯಾಹ್ನ ಬರಲಿಲ್ಲ. ಒಂದು ಖಾಲಿ ಪಿಕಪ್ಪು ನಿಂತು, ಬಾಳೆಕಾಯಿ ಇಳಿಸಿ ಬರುತ್ತಿದ್ದವನು "ತಾನಾಗೆ ಹೋಗ್ತಿದೀನಿ, ಅಜ್ಜಿ, ಹತ್ತಿಸಿ," ಎಂದ. ದುಡ್ಡೂ ಕೇಳಲಿಲ್ಲ. ನನ್ನ ಜೀವನದಲ್ಲಿ ಪುಕ್ಕಟೆ ಸಿಕ್ಕಿದ್ದನ್ನು ನಾನು ಬಿಟ್ಟದ್ದು ಇದೇ ಮೊದಲು. ಗಾಡಿ ಬದಲಿಸುವಂತಿಲ್ಲ.

ಕಾಯುವುದೊಂದೇ ಕೆಲಸ. ಆ ಕರಾವಳಿಯವಳು, ಸುವಾಜಾರ, ಎಲ್ಲಿಂದಲೋ ಬಾಳೆಲೆಯಲ್ಲಿ ಅನ್ನ, ಒಣಮೀನು ತಂದಳು. ಕುಡಿಯಲು ಸೀದ ಅನ್ನದ ನೀರು ಬಿಸಿಯಾಗಿ ಒಂದು ಡಬ್ಬದಲ್ಲಿ. ಮೊದಲು ನನಗೆ ಕೊಟ್ಟಳು, ಆಮೇಲೆ ನೈವುಗೆ. ತನಗೆ ಉಳಿಯಲಿಲ್ಲ, ಹಸಿವಿಲ್ಲ ಎಂದಳು. ಸುಳ್ಳು ಹೇಳಲು ಬರುವುದಿಲ್ಲ ಅವಳಿಗೆ, ಹೊಟ್ಟೆ ಗುರುಗುಟ್ಟಿತು. ನನ್ನ ಎಲೆಯನ್ನು ನಡುವೆ ಇಟ್ಟೆ. ಅನ್ನ ವ್ಯರ್ಥವಾಗಬಾರದಲ್ಲ.

ಮಡಿಲ ಮೇಲೆ ಅವನಿದ್ದ ಕಾರಣವೋ ಏನೋ, ತಾನಾಗಿ ಹೇಳತೊಡಗಿದಳು.

"ಜ್ವರ ಏರ್ದಾಗ ಅವರ ಕೈ ಹೀಗೆ ಆಡ್ತಿತ್ತು ಅತ್ತೆ. ಗಾಳೀಲಿ ಏನೋ ಹಿಡ್ದು, ಎಳ್ದು, ತಳ್ಳಿ. ಇಡೀ ದಿನ."

ಕತ್ರೆಲ್ಲಿನ ಗೇರು ನೆಲದಲ್ಲಿಲ್ಲ. ಸ್ಟೇರಿಂಗಿನ ಪಕ್ಕ ಉದ್ದಕ್ಕೆ ಚಾಚಿಕೊಂಡಿರುತ್ತದೆ, ಕೊಡೆಯ ಹಿಡಿಯ ಹಾಗೆ.

"ಎಲ್ಲಿಗೆ ಹೋಗ್ತಿದೀಯಾ ಅಂದೆ. ಅಮ್ಮನ ಹತ್ರ ಅಂದ್ರು. ಏರು ಮುಗೀತಾ ಇಲ್ಲ ಅಂದ್ರು."

ನಾನು ರೇಷ್ಮೆಯ ಅಂಚು ಸರಿಮಾಡಿದೆ.

"ಕೊನೆಗೆ ಎಳೀತಿದ್ದನಾ, ತಳ್ತಿದ್ದನಾ?"

"ಏನತ್ತೆ?"

"ಕೈ ಕಣೇ. ಎಳೀತಿದ್ದನಾ, ತಳ್ತಿದ್ದನಾ?"

"ಎಳೀತಿದ್ರು."

ಹಾಗಾದರೆ ಒಂದನೇ ಗೇರು. ಕಡಿದಾದ ಏರಿಗೆ ಅದೇ ಸರಿ. ಅವನಪ್ಪ ಚೆನ್ನಾಗಿಯೇ ಕಲಿಸಿದ್ದ.

ಆಮೇಲೆ ಕಣ್ಣಿನಿಂದ ಸ್ವಲ್ಪ ನೀರು ಬಂತು. ಇಂಜಿನಿನ ಹೊಗೆಗೆ ಇರಬೇಕು, ಆದರೆ ಇಂಜಿನು ಆರಿತ್ತು.

ರಾಲಂಬು ಸಂಜೆ ಇಳಿದ. ಕಾಯಿಲು ಸಿಕ್ಕಿತು, ಆದರೆ ಮಾರುವವನ ಜೊತೆ ಬೆಲೆ ಮಾತಾಡುವುದು ತಡವಾಯಿತಂತೆ. "ನಿನ್ನ ದುಡ್ಡು ಉಳಿಸಿದೆ ಅಕ್ಕ!" ಎಂದ. ನಾನೇ ಕಲಿಸಿದ ಬುದ್ಧಿ.

ಆಗಸ್ಟ್ 13, ಶನಿವಾರ, ಬೆಳಿಗ್ಗೆ

ಹೊಸ ಕಾಯಿಲು ಹಾಕಿ, ಡಬ್ಬಿ ತುಂಬಿಸಿ ಹೊರಟೆವು. ಚೆನ್ನಾಗಿ ಓಡುತ್ತಿದೆ. ಮಧ್ಯಾಹ್ನದೊಳಗೆ ತಾನಾ, ಅಲ್ಲಿಂದ ಗೋರಿಮನೆಗೆ ಇನ್ನೊಂದಿಷ್ಟು. ವಾದ್ಯದವರು ನಮ್ಮನ್ನು ಎದುರುಗೊಳ್ಳಲು ಹೊಲದ ತನಕ ಬರುತ್ತಾರಂತೆ.

ಆಗಸ್ಟ್ 14, ಭಾನುವಾರ

ನಿನ್ನೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮುರಾಮಂಗ ದಾಟಿ ಮೊದಲನೇ ಏರಿನಲ್ಲಿ ಮತ್ತೆ ನಿಂತಿತು. ರಾಲಂಬು ಇಳಿದು, ಅವನೂ ಮೊದಲು ಚಾಪೆಯಡಿ ಕೈ ಹಾಕಿ ಮುಚ್ಚಳ ತೆಗೆದು ಪೆಟ್ರೋಲು ನೋಡಿದ. ಯಾವ ಡ್ರೈವರಾಗಲಿ ಮೆಕ್ಯಾನಿಕ್ಕಾಗಲಿ ನಮ್ಮೂರಿನಲ್ಲಿ ಮೊದಲು ನೋಡುವುದು ಅದನ್ನೇ. ಲೀಟರು ಲೆಕ್ಕದಲ್ಲಿ ಬದುಕುವವರಿಗೆ ಮೊದಲ ಅನುಮಾನ ಯಾವಾಗಲೂ ಖಾಲಿ ಬಾಟಲಿಯ ಮೇಲೆ. ಇದೆ ಎಂದು ಗೊತ್ತಾದ ಮೇಲೆ ಪಂಪಿನ ಮೇಲೆ ಬಿದ್ದ. ಪೂರ್ತಿ ಬಿಚ್ಚಿ, ಒಳಗಿನ ಪೊರೆಯನ್ನು ಬಿಸಿಲಿಗೆ ಹಿಡಿದು, ತೂತಿಲ್ಲದ್ದಕ್ಕೆ ಬೇಜಾರು ಮಾಡಿಕೊಂಡು ಮತ್ತೆ ಜೋಡಿಸಿದ. ಬೆಳಗ್ಗೆಯೆಲ್ಲ ಅದರಲ್ಲೇ ಹೋಯಿತು. ಓಡಿತು. ಮಂದ್ರಾಕ ಘಾಟಿಯ ಅರ್ಧಕ್ಕೆ ಬಂದಾಗ ಕೆಮ್ಮಿತು, ನಿಂತಿತು.

ಸೂರ್ಯ ತಲೆಯ ಮೇಲಿಂದ ಜಾರಿದ್ದ. ನೈವು ಸ್ಟೇರಿಂಗಿಗೆ ಹಣೆ ಚಚ್ಚಿಕೊಂಡ. ಇಬ್ಬರೂ ಇಳಿದು ಬಾನೆಟ್ಟು ತೆರೆದು ಜಗಳಕ್ಕೆ ನಿಂತರು, ಒಬ್ಬ ಬೆಂಕಿ ಎನ್ನುತ್ತಾನೆ, ಇನ್ನೊಬ್ಬ ಎಣ್ಣೆ ಎನ್ನುತ್ತಾನೆ. ಆ ಜಗಳದಲ್ಲಿ ಮುಚ್ಚಳ ತೆಗೆಯುವುದನ್ನು ಮರೆತರು. ಸರಿ, ಪೆಟ್ರೋಲು ನಾನೇ ನೋಡೋಣ ಎಂದು ಚಾಪೆ ಸರಿಸಿದೆ.

ಡಬ್ಬಿಯ ಎರಡೂ ಕೆನ್ನೆ ಒಳಕ್ಕೆ ಅಂಟಿಕೊಂಡಿದ್ದವು. ವಾರಗಟ್ಟಲೆ ಊಟವಿಲ್ಲದವನ ಮುಖದ ಹಾಗೆ.

ಒಳಗೆ ಪೆಟ್ರೋಲಿತ್ತು. ಇಂಜಿನು ಎಳೆಯುತ್ತಿತ್ತು. ಹೋದ ಪೆಟ್ರೋಲಿನ ಜಾಗಕ್ಕೆ ಗಾಳಿ ಬರಬೇಕಲ್ಲ, ಬರಲು ದಾರಿಯಿರಲಿಲ್ಲ. ಮುಚ್ಚಳದ ಮೇಲೆ ಮೇಣ ಅಚ್ಚುಕಟ್ಟಾಗಿ ಕೂತಿತ್ತು, ಹಚ್ಚಿದ ದಿನದ ಹಾಗೇ. ಪ್ರತಿ ಸಲ ಇವರು ಮುಚ್ಚಳ ತೆಗೆದಾಗ ಗಾಳಿ ಹೊಕ್ಕು ಕಾರು ಎದ್ದಿತ್ತು. ಇವರು ಊದಿದ್ದು, ಉಜ್ಜಿದ್ದು, ಬದಲಿಸಿದ್ದು ಯಾವುದಕ್ಕೂ ಅದು ಎದ್ದಿರಲಿಲ್ಲ. ಊರೊಳಗೆ ಗಿರಾಕಿಗೊಮ್ಮೆ ಬಾಟಲಿ ತೆರೆಯುವವರಿಗೆ ಈ ರೋಗ ಯಾವತ್ತೂ ಕಾಣುವುದೇ ಇಲ್ಲ. ರಾಲಂಬುವಿನ ಕೈ ನಡುಗಿರಲಿಲ್ಲ. ಆ ತೂತು ಬೇಕಾಗಿಯೇ ಇತ್ತು.

ತಲೆಯಿಂದ ಪಿನ್ನು ತೆಗೆದು ಮೇಣ ಕೆದಕಿದೆ. ಡಬ್ಬಿ ಉಸಿರೆಳೆದುಕೊಂಡಿತು, ಅತ್ತು ಅತ್ತು ಮಲಗಿದ ಮಗು ನಡುವೆ ಒಮ್ಮೆ ಎಳೆದುಕೊಳ್ಳುತ್ತದಲ್ಲ, ಹಾಗೆ. ಕೆನ್ನೆಗಳು ಟಪ್ಪೆಂದು ಹೊರಬಂದವು. ತಲೆ ಎತ್ತಿದರೆ ಸುವಾಜಾರ ನನ್ನ ಕೈಯನ್ನೇ ನೋಡುತ್ತಿದ್ದಳು. ಕೈ, ಪಿನ್ನು, ಮೇಣ. ಅವಳ ಊರಿನಲ್ಲಿ ಕಬ್ಬಿನ ಹೆಂಡ ಪೀಪಾಯಿಯಲ್ಲಿಡುತ್ತಾರೆ; ಮೇಲಿನ ಬಿರಡೆ ಸಡಿಲಿಸದಿದ್ದರೆ ಕೆಳಗಿನ ನಳಿಕೆಯಲ್ಲಿ ಹನಿಯೂ ಬೀಳುವುದಿಲ್ಲ. ಅವಳಿಗೆ ಅರ್ಥವಾಗಲು ಯಾರೂ ಹೇಳಬೇಕಾಗಿರಲಿಲ್ಲ. ರೇಷ್ಮೆಯ ಮೇಲೆ ಬಿದ್ದ ಮೇಣದ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಕಿಟಕಿಯಿಂದಾಚೆ ಹಾಕಿದಳು.

ನೈವು ಸುಮ್ಮನೆ ಒಮ್ಮೆ ಕೀಲಿ ತಿರುಗಿಸಿದ. ಎದ್ದಿತು.

"ನಾನು ಹೇಳಿರ್ಲಿಲ್ವಾ?" ಎಂದ ರಾಲಂಬು. "ಕಾಯಿಲ್ ಕೂತ್ಕೊಳ್ಳೋಕೆ ಟೈಮ್ ತಗೊಳ್ಳುತ್ತೆ."

ಅಲ್ಲಿಂದ ಕಾರು ಓಡಿದ್ದನ್ನು ನನ್ನ ಗಂಡ ನೋಡಬೇಕಿತ್ತು. ಘಾಟಿಯನ್ನು ಇಪ್ಪತ್ತು ವರ್ಷದ ಹುಡುಗಿಯ ಹಾಗೆ ಹತ್ತಿತು. ಆದರೆ ಶನಿವಾರದ ತಾನಾ. ಸಂತೆ, ಎತ್ತಿನ ಗಾಡಿ, ಮದುವೆ ದಿಬ್ಬಣ. ನೈವು ಹಾರ್ನು ಒತ್ತಿದ್ದೇ ಒತ್ತಿದ್ದು. ನಾನು ಕಿಟಕಿಯಿಂದ ತಲೆ ಹೊರಹಾಕಿ "ದಾರಿ ಬಿಡಿ, ಮಗ ಇದಾನೆ, ಮಗ ಇದಾನೆ," ಎಂದು ಕೂಗಿದೆ. ಗಂಟಲು ಇವತ್ತೂ ಬಿದ್ದೇ ಇದೆ.

ಹೊಲದ ಬದುವಿಗೆ ಮುಟ್ಟಿದಾಗ ಆಕಾಶ ಕೆಂಪಾಗಿತ್ತು, ಸೂರ್ಯ ಇರಲಿಲ್ಲ. ವಾದ್ಯದವರು ತುತ್ತೂರಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಗೋರಿಮನೆಯ ಕಲ್ಲಿನ ಬಾಗಿಲ ಸುತ್ತ ಮೆತ್ತಿದ ಮಣ್ಣು ಇನ್ನೂ ಹಸಿ. ಅದರ ಮೇಲೆ ಯಾರದೋ ಐದು ಬೆರಳು ಮೂಡಿದ್ದವು.

"ಕಾದ್ವಿ ಬಕೂಲಿ," ಎಂದ ರಾತ್ಸಿಂಬ ಭಾವ. ಅವನ ಕಣ್ಣು ಕೆಂಪಾಗಿತ್ತು. "ನಿನ್ನ ಗಂಡನ್ನ ಕೊನೇಗೆ ಒಳಗೆ ಇಟ್ವಿ. ಅವನ ಪಕ್ಕದ ಜಾಗ ಒರೆಸಿ ಇಟ್ವಿ. ನಾವು ಕಾದ್ವಿ, ಸೂರ್ಯ ಕಾಯ್ಲಿಲ್ಲ."

"ಹಸಿ ಮಣ್ಣು ಭಾವ. ಕೈಯಲ್ಲೇ ತೆಗೀಬಹುದು."

"ತೆಗೀಬಹುದು. ಆಮೇಲೆ ಈ ಮನೆತನದಲ್ಲಿ ಒಂದು ಮಗುಗೆ ಜ್ವರ ಬಂದ್ರೂ ನಿನ್ನ ಹೆಸರು ಹೇಳ್ತಾರೆ. ಅವನ ಹೆಸರೂ."

ನೈವು ಟಯರಿಗೆ ಒದ್ದು ಕಾರಿನ ತಾಯಿ ತಂದೆಯನ್ನೆಲ್ಲ ಬೈದ. ಭಾವ ಕೇಳಿದ: "ಏನಾಗಿತ್ತು ಅದಕ್ಕೆ, ಅಂಥಾದ್ದು?"

ಎಲ್ಲರೂ ನನ್ನ ಮುಖ ನೋಡಿದರು. ನಾನು ಬಾಯಿ ತೆರೆದೆ.

"ಗಾಡಿ ಮುದಿಯಾಗಿದೆ ದೊಡ್ಡಪ್ಪ," ಎಂದಳು ಸುವಾಜಾರ. "ಏರು ಜಾಸ್ತಿ. ಯಾರ ತಪ್ಪೂ ಇಲ್ಲ."

ಅಷ್ಟೂ ಜನರ ಎದುರು, ಕಣ್ಣು ಮಿಟುಕಿಸದೆ. ಮೊನ್ನೆ ತನ್ನ ಹಸಿವಿನ ಬಗ್ಗೆ ಒಂದು ಸುಳ್ಳು ಹೇಳಲಾರದೆ ಸಿಕ್ಕಿಬಿದ್ದವಳು.

ಭಾವ ಒಂದು ಉಪಾಯ ಹೇಳಿದ. ಗೋರಿಮನೆಯ ಗೋಡೆಗೆ ಹೊಂದಿಸಿ ಹೊರಗೆ ಒಂದು ಗುಂಡಿ. ಏಳು ವರ್ಷ ಅಲ್ಲಿರಲಿ, ಮುಂದಿನ ಸಲ ಒಳಗೆ. ನಾನು ಆ ಜಾಗ ನೋಡಿದೆ. ದನ ಮೈ ಉಜ್ಜುವ ಮೂಲೆ. ಒಳಗೆ ಅಪ್ಪ, ಹೊರಗೆ ಮಗ, ನಡುವೆ ಗೋಡೆ. ಅವನಿಗೆ ಒಂದು ಹನಿ ಜೇನು ಇಡಲು ಯಾರು ಬರುತ್ತಾರೆ? ನಾನು, ಇರುವಷ್ಟು ದಿನ. ಆಮೇಲೆ?

ಸುವಾಜಾರಳನ್ನು ಕೇಳಿದೆ: "ಅಲ್ಲಿ ಅವನ ಹತ್ರ ಯಾರು ಹೋಗ್ತಿದ್ರು?"

"ಫಾಂಜಾ ದಿನಾ ಹೋಗ್ತಾಳೆ ಅತ್ತೆ. ಶಾಲೇಲಿ ಏನಾಯ್ತು ಅಂತ ಹೇಳಿ ಬರ್ತಾಳೆ. ಅಜ್ಜ ಹೊಸ ಅಕ್ಕಿ ಬಂದಾಗ. ನಾನು ಆಗಾಗ. ಜಗಳ ಆಡೋಕೂ ಹೋಗ್ತೀನಿ," ಎಂದಳು.

"ಹಾಗಾದ್ರೆ ವಾಪಸ್ ಕರ್ಕೊಂಡು ಹೋಗೋಣ."

ಭಾವ ನನ್ನ ತೋಳು ಹಿಡಿದ. "ಬಕೂಲಿ, ಯೋಚ್ನೆ ಮಾಡು. ಎರಡನೇ ಸಲ ಅಲ್ಲಿ ಮಲಗಿಸಿದ್ರೆ ಅವನು ಅವರವನು. ಮತ್ತೆ ತರೋ ಹಾಗಿಲ್ಲ. ನೀನು ಸತ್ಮೇಲೆ ಇಲ್ಲಿ, ಅವನು ಅಲ್ಲಿ. ನೀವಿಬ್ರೂ ಇನ್ನು ಸಿಗಲ್ಲ."

"ಗೊತ್ತು ಭಾವ."

ಕಾರಿನ ಪಕ್ಕದಲ್ಲಿ ನೆಲದ ಮೇಲೆ ಕೂತು ಅವನನ್ನು ಪೂರ್ತಿಯಾಗಿ ನನ್ನ ಮಡಿಲಿಗೆ ತೆಗೆದುಕೊಂಡೆ. ವಾದ್ಯದವರಲ್ಲಿ ಒಬ್ಬ ಮುದುಕ, ಯಾರೂ ಹೇಳದೆ, ಸುತ್ತಿಟ್ಟ ತುತ್ತೂರಿಯನ್ನು ಮತ್ತೆ ಬಿಚ್ಚಿ ಊದಿದ. ಅವನಿಗೆ ಕೊಡಲು ಕೈಯಲ್ಲಿ ಏನೂ ಇರಲಿಲ್ಲ. ಅವನೂ ಕೇಳಲಿಲ್ಲ. ಹೊಲದಲ್ಲಿ ಉಳಿದಿದ್ದ ನಾಲ್ಕು ಜನ ಕುಣಿದರು, ಸುವಾಜಾರಳೂ.

ಆಗಸ್ಟ್ 16, ಮಂಗಳವಾರ

ಒಂದೇ ಹಗಲಿನಲ್ಲಿ ಕರಾವಳಿ ಮುಟ್ಟಿದೆವು. ಎಲ್ಲೂ ನಿಲ್ಲಲಿಲ್ಲ. ಎಲ್ಲಾದರೂ ಒಮ್ಮೆ ನಿಲ್ಲಲಿ ಎಂದು ದಾರಿಯುದ್ದಕ್ಕೂ ಕಾಯುತ್ತಿದ್ದೆ. ಇಳಿಜಾರಿನಲ್ಲಿ ಇಂಜಿನು ಆರಿಸಬೇಡ ಎಂದು ನೈವುಗೆ ಹೇಳಿದೆ.

"ಪೆಟ್ರೋಲು ಸುಮ್ನೆ ಹೋಗುತ್ತೆ ಅಕ್ಕ!"

"ಹೋಗಲಿ. ಶಬ್ದ ಇರಲಿ."

ಮಂದ್ರಾಕದ ತಿರುವಿನಲ್ಲಿ ಸೊಸೆಗೆ ನಾನೇ ಹೇಳಿದೆ: "ಮೇಣ ನಂದು ಕಣೇ." ಅವಳು, "ಚಳಿ ಗಾಳಿ ಬರ್ತಿದೆ ಅತ್ತೆ, ಕಿಟಕಿ ಹಾಕ್ಕೊಳ್ಳಿ," ಎಂದಳು.

ಆಗಸ್ಟ್ 17, ಬುಧವಾರ

ಮಲಗಿಸಿದೆವು. ಈ ಸಲ ಊರಿನವರು ಎಷ್ಟು ಅತ್ತರೋ ನೋಡಲಿಲ್ಲ, ನನ್ನ ಶಬ್ದವೇ ಜೋರಾಗಿತ್ತು ಎಂದು ನೈವು ಹೇಳುತ್ತಾನೆ. ಸೊಸೆಯ ಅಜ್ಜ ಮಣ್ಣಿಗೆ ಹೇಳಿದ: "ಇವನು ಇನ್ಮೇಲೆ ನಮ್ಮನೆಯವನು." ನಾನು ಒಂದು ಹಿಡಿ ಮಣ್ಣು ಹಾಕಿದೆ.

ಆಗಸ್ಟ್ 20, ಶನಿವಾರ

ತಾನಾ. ನೈವು ಬೆಳಿಗ್ಗೆಯೇ ಕಾರನ್ನು ಬಾಡಿಗೆಗೆ ತೆಗೆದುಕೊಂಡು ಹೋದ. ಲೆಕ್ಕ ಮುಗಿಸಿಡುತ್ತೇನೆ.

ರಾತ್ಸಿಂಬ ಭಾವನಿಗೆ: ನನ್ನ ಪಾಲಿನ ಅರ್ಧ ಹಂದಿ, ಊಟಕ್ಕೆ ನಾನಿರಲಿಲ್ಲ. ರಾಲಂಬುಗೆ: ಕಾಯಿಲಿನ ದುಡ್ಡು, ಘಾಟಿಯಲ್ಲಿ ಸತ್ತ ಇಂಜಿನನ್ನು ಎಬ್ಬಿಸಿದವನು ಎಂಬ ಹೆಸರು, ಈಗಾಗಲೇ ಇಬ್ಬರು ಹೊಸ ಗಿರಾಕಿ. ನೈವುಗೆ: ನಾಲ್ಕು ಟಯರು. ನನ್ನ ಗಂಡನಿಗೆ: ಹೊಸ ಹೊದಿಕೆ, ಒರೆಸಿಟ್ಟ ಖಾಲಿ ಜಾಗ. ಫಾಂಜಾಗೆ: ಅಪ್ಪ. ಸೊಸೆಗೆ: ಗಂಡ. ತಹಿನನಿಗೆ: ಚೌಕಾಸಿ ಮಾಡಿ ತಂದರೂ ಒಳ್ಳೆಯದೇ ಆದ ರೇಷ್ಮೆ.

ನನಗೆ: ಯಾವ ಏರಿನಲ್ಲೂ ನಿಲ್ಲದ ಒಂದು ಕಾರು.